ಬೆನ್ನು ನೋಡಿ ತಡಿ ಹಾಕಿರಿ

(ಜತ್ತ ತಾಲ್ಲೂಕಿನ ಕನ್ನಡ ಕಲಿಕಾ ಕೇಂದ್ರದಲ್ಲಿ ನವಸಾಕ್ಷರರಿಗೆ ಮಾಡಿದ ಭಾಷಣ)



ಇವತ್ತು ಕುದುರೆಯ ಬೆನ್ನಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. "ನಾವೇನು ಕುದುರಿ ಸವಾರಿ ಮಾಡೋರೇನ್ರೀ?" ಎಂದು ಕೆಲವರು ಕೇಳಬಹುದು. ಎಲ್ಲರ ಮನೆಯಲ್ಲೂ ಕುದುರೆ ಇಲ್ಲ, ಅದು ಖರೆ. ಆದರೆ ಕುರಿ ಸಾಕುವವರ ಮನೆಯಲ್ಲಿ ತಟ್ಟು ಇದೆ. ಮದುವೆಗೆ, ಜಾತ್ರೆಗೆ ಕುದುರೆ ಕೊಡುವವರ ಮನೆಯಲ್ಲಿ ಇದೆ. ಕುದುರೆ ಇಲ್ಲದವರ ಮನೆಯಲ್ಲಿ ಎತ್ತು ಇದೆ. ಎತ್ತಿನ ಹೆಗಲಿಗೆ ನೊಗ, ಕುದುರೆಯ ಬೆನ್ನಿಗೆ ತಡಿ. ಎರಡರ ನೋವೂ ಒಂದೇ.

ಕುದುರೆಯ ಬೆನ್ನ ಮೇಲೆ ಹಾಕುವ ಆಸನಕ್ಕೆ ನಾವು ಜೀನು ಅನ್ನುತ್ತೇವೆ. ತಡಿ ಎಂದೂ ಅನ್ನುತ್ತೇವೆ. ಹೇರು ಹೇರಲು ಹಾಕುವ ಮೆತ್ತೆಯೂ ತಡಿಯೇ. ಇವತ್ತಿನ ಮಾತಿನಲ್ಲಿ ಎಲ್ಲಕ್ಕೂ ತಡಿ ಎಂದೇ ಕರೆಯೋಣ.

ತಟ್ಟು ನಿಂತರೆ ಸಂಸಾರ ನಿಂತಂತೆ

ನಮ್ಮ ತಾಲ್ಲೂಕಿನ ಮಾಡಗ್ಯಾಳ ಊರಿನ ಹೆಸರು ಒಂದು ಕುರಿ ತಳಿಗೆ ಬಂದಿದೆ. ಮಾಡಗ್ಯಾಳ ಕುರಿ ಎಂದರೆ ದೂರದ ಸಂತೆಯಲ್ಲೂ ಗುರುತು ಹಿಡಿಯುತ್ತಾರೆ. ಆದರೆ ನಮ್ಮದು ಬರದ ನಾಡು. ಮಳೆ ಕಡಿಮೆ, ಮೇವು ಕಡಿಮೆ. ಆದ್ದರಿಂದ ಕುರಿ ಸಾಕುವ ಅನೇಕ ಮನೆಗಳು ಮೇವು ಹುಡುಕಿಕೊಂಡು ಊರು ಬಿಡುತ್ತವೆ. ಹೊಲದಲ್ಲಿ ಕುರಿ ತರುಬುತ್ತವೆ. ಮಳೆಗಾಲಕ್ಕೆ ತಿರುಗಿ ಬರುತ್ತವೆ.

ಗಂಡಸರು ಕುರಿಯ ಹಿಂದೆ ಹೋಗುತ್ತಾರೆ. ಮನೆ ಎತ್ತಿ ಇಳಿಸುವ ಕೆಲಸ ಹೆಚ್ಚಾಗಿ ಹೆಂಗಸರದು. ಜೋಳದ ಚೀಲ, ಪಾತ್ರೆ, ಹಾಸಿಗೆ, ಬಲೆ, ಗೂಟ ಎಲ್ಲವೂ ತಟ್ಟಿನ ಬೆನ್ನ ಮೇಲೆ. ನಡೆಯಲಾರದ ಕುರಿಮರಿ, ಕೋಳಿ, ಒಮ್ಮೊಮ್ಮೆ ಕೂಸು ಕೂಡ ಅದರ ಮೇಲೆಯೇ. ತಟ್ಟು ನಡೆದರೆ ಸಂಸಾರ ನಡೆಯುತ್ತದೆ. ಅದರ ಬೆನ್ನಿಗೆ ಹುಣ್ಣಾದರೆ ಏನು? ಸಂಸಾರ ಹಾದಿಯಲ್ಲೇ ನಿಲ್ಲುತ್ತದೆ. ಬಾಡಿಗೆ ಗಾಡಿಗೆ ರೊಕ್ಕ ಬೇಕು. ಇಲ್ಲವೆ ಸಾಲ ಮಾಡಿ ಬೇರೆ ತಟ್ಟು ಕೊಳ್ಳಬೇಕು. ಅದಕ್ಕೇ ಇದು ಸಣ್ಣ ಮಾತಲ್ಲ.

ನಮ್ಮ ನೆಲದ ಕುದುರೆ

ಭೀಮಾ ನದಿಯ ಸೀಮೆಯ ಗಟ್ಟಿ ಕುದುರೆಗೆ ಭೀಮಥಡಿ ಎಂದು ಹೆಸರು. ಮರಾಠಿಯಲ್ಲಿ ಥಡಿ ಎಂದರೆ ದಂಡೆ. ಕನ್ನಡದಲ್ಲಿ ತಡಿ ಎಂದರೆ ದಂಡೆಯೂ ಹೌದು, ಕುದುರೆಯ ಜೀನೂ ಹೌದು. ಎತ್ತರ ಕಡಿಮೆ, ಕಾಲು ಗಟ್ಟಿ, ತಿನ್ನುವುದು ಸ್ವಲ್ಪ. ಮರಾಠರ ದಂಡಿನಲ್ಲಿ ಇಂಥ ಕುದುರೆಗಳೇ ಹೆಚ್ಚು ಇದ್ದವು. ಈಗ ಇವನ್ನು ಉಳಿಸಿಕೊಂಡವರು ಮುಖ್ಯವಾಗಿ ಕುರಿ ಸಾಕುವವರೇ. 2023–24ರಲ್ಲಿ ಭಾರತ ಸರ್ಕಾರದ ಕೃಷಿ ಸಂಶೋಧನಾ ಸಂಸ್ಥೆಯವರು ಭೀಮಥಡಿಯನ್ನು ಬೇರೆಯೇ ತಳಿ ಎಂದು ನೋಂದಾಯಿಸಿದರು. "ಬರೇ ತಟ್ಟು" ಎಂದು ನಾವು ಕರೆಯುವ ಪ್ರಾಣಿಗೆ ಅಷ್ಟು ಬೆಲೆ ಇದೆ.

ನಮ್ಮ ತಾಲ್ಲೂಕಿನ ಉಮರಾಣಿ ನಿಮಗೆಲ್ಲ ಗೊತ್ತು. 1673ರಲ್ಲಿ ಅಲ್ಲಿ ದೊಡ್ಡ ಕಾಳಗ ನಡೆಯಿತು. ಬಿಜಾಪುರದ ಸರದಾರ ಬಹಲೋಲ್ ಖಾನನ ದಂಡನ್ನು ಶಿವಾಜಿ ಮಹಾರಾಜರ ಸೇನಾಪತಿ ಪ್ರತಾಪರಾವ ಗುಜರ ಸುತ್ತುವರಿದರು. ನೀರಿನ ದಾರಿಯನ್ನೇ ಕಟ್ಟಿದರು. ಬಿಸಿಲಿನಲ್ಲಿ ನೀರಿಲ್ಲದೆ ದಂಡು ಕಂಗೆಟ್ಟಿತು. ಕುದುರೆಯ ಮೇಲೆ ನಡೆಯುವ ಕಾಳಗದಲ್ಲಿ ಕತ್ತಿ ಎಷ್ಟು ಮುಖ್ಯವೋ ಕುದುರೆಯ ಹೊಟ್ಟೆ, ಕಾಲು, ಬೆನ್ನು ಅಷ್ಟೇ ಮುಖ್ಯ. ಇಂದು ಕಾಳಗ ಇಲ್ಲ. ಆದರೆ ತಟ್ಟಿನ ಬೆನ್ನು ಅಂದಿನಂತೆಯೇ ಇದೆ.

ಬೆನ್ನು ಹೇಗಿದೆ?

ಕುದುರೆಯ ಬೆನ್ನಿನ ನಡುವೆ ಎಲುಬಿನ ಸಾಲು ಇದೆ. ಅದರ ಮೇಲೆ ಮಾಂಸ ಬಹಳ ಕಡಿಮೆ. ಎಲುಬು, ಅದರ ಮೇಲೆ ತೊಗಲು, ಅಷ್ಟೇ. ಎಲುಬಿನ ಎರಡೂ ಕಡೆ ಮಾಂಸ ಇದೆ. ಮಾಂಸದ ಕೆಳಗೆ ಪಕ್ಕೆಲುಬು. ಒಂದೊಂದು ಕಡೆಗೆ ಸಾಮಾನ್ಯವಾಗಿ 18 ಪಕ್ಕೆಲುಬು ಇರುತ್ತವೆ.

ಭಾರ ಹೊರಬೇಕಾದುದು ಈ ಎರಡೂ ಕಡೆಯ ಮಾಂಸ ಮತ್ತು ಪಕ್ಕೆಲುಬು. ನಡುವಿನ ಎಲುಬು ಹೊರಬಾರದು. ಇಂದಿನ ಮಾತಿನ ತಿರುಳು ಇದೇ. ಉಳಿದದ್ದೆಲ್ಲ ಇದರಿಂದಲೇ ಬರುತ್ತದೆ.

ಈಗ ಎಲ್ಲರೂ ನಿಮ್ಮ ಹೆಬ್ಬೆರಳಿನ ಉಗುರನ್ನು ಒತ್ತಿರಿ. ಏನಾಯಿತು? ಉಗುರಿನ ಕೆಳಗೆ ಬೆಳ್ಳಗಾಯಿತು. ಕೈ ಬಿಡಿರಿ. ಮತ್ತೆ ಕೆಂಪಾಯಿತು. ಒತ್ತಿದಾಗ ಅಲ್ಲಿ ರಕ್ತ ಹೋಗಲಿಲ್ಲ. ತಡಿ ಒಂದೇ ಜಾಗವನ್ನು ತಾಸುಗಟ್ಟಲೆ ಒತ್ತಿದರೆ ಅಲ್ಲೂ ರಕ್ತ ಹೋಗುವುದಿಲ್ಲ. ರಕ್ತ ಇಲ್ಲದೆ ತೊಗಲು ಸಾಯುತ್ತದೆ. ಮೊದಲು ಬಾವು ಬರುತ್ತದೆ, ಬಿಸಿಯಾಗುತ್ತದೆ. ಕೆಲವು ದಿನ ಬಿಟ್ಟು ತೊಗಲು ಕಿತ್ತು ಹುಣ್ಣಾಗುತ್ತದೆ. "ನಿನ್ನೆ ಚಲೋ ಇತ್ತು, ಇವತ್ತು ಹುಣ್ಣಾತು" ಅನ್ನುತ್ತೇವೆ. ನಿನ್ನೆ ಅದು ಚಲೋ ಇರಲಿಲ್ಲ. ನಮಗೆ ಕಾಣಲಿಲ್ಲ, ಅಷ್ಟೇ.

ಯಾರೋ ಕೇಳುತ್ತಾರೆ: "ನಮ್ಮ ತಟ್ಟಿನ ಬೆನ್ನ ಮ್ಯಾಲ ಬಿಳಿ ಕೂದಲ ಬಂದಾವ್ರಿ. ಹುಟ್ಟಿದಾಗ ಇರಲಿಲ್ಲ. ಯಾಕ?" ಅದು ಹಳೆಯ ಒತ್ತಿನ ಗುರುತು ಇರಬಹುದು. ಒತ್ತು ಬಿದ್ದು ಕೂದಲಿನ ಬೇರು ಕೆಟ್ಟರೆ ಅಲ್ಲಿ ಬಿಳಿ ಕೂದಲು ಬರುತ್ತವೆ. ಸಂತೆಯಲ್ಲಿ ತಟ್ಟು ಕೊಳ್ಳುವಾಗ ಹಲ್ಲು ನೋಡುತ್ತೀರಿ, ಕಾಲು ನೋಡುತ್ತೀರಿ. ಬೆನ್ನಿನ ಬಿಳಿ ಕೂದಲೂ ನೋಡಿರಿ. ಆ ಜಾಗಕ್ಕೆ ಮತ್ತೆ ಒತ್ತು ಬೀಳಬಾರದು.

ತಡಿ ಸರಿ ಇದೆಯೇ? ಆರು ಪರೀಕ್ಷೆ

ತಟ್ಟನ್ನು ಸಮ ನೆಲದ ಮೇಲೆ ನಿಲ್ಲಿಸಿರಿ. ಕೆಳಗೆ ಕಂಬಳಿ ಹಾಕದೆ ಮೊದಲು ಬರೀ ತಡಿ ಇಟ್ಟು ನೋಡಿರಿ.

ಒಂದು. ತಡಿಯ ಜಾಗ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವಲ್ಲಿ ಒಂದು ಎತ್ತರದ ಜಾಗ ಇದೆ. ಅದನ್ನು ಹೆಗಲ ಏರು ಅನ್ನೋಣ. ತಡಿಯನ್ನು ಅದರ ಮೇಲೆ ಇಟ್ಟು ಮೆಲ್ಲಗೆ ಹಿಂದಕ್ಕೆ ಸರಿಸಿರಿ. ಕೂದಲು ತಿರುವಿಕೊಳ್ಳುವುದಿಲ್ಲ. ಹೆಗಲಿನ ಅಗಲ ಎಲುಬಿನ ಹಿಂದೆ ತಡಿ ನಿಲ್ಲಬೇಕು. ಹೆಗಲ ಮೇಲೆ ಏರಿದರೆ ಮುಂಗಾಲು ಬಿಡುವಾಗಿ ಆಡುವುದಿಲ್ಲ. ತಟ್ಟು ಎಡವುತ್ತದೆ.

ಎರಡು. ನಡುವಿನ ಸಂದು. ತಡಿಯ ಹಿಂದೆ ನಿಂತು ಬಗ್ಗಿ ನೋಡಿರಿ. ಬೆನ್ನೆಲುಬಿನ ಮೇಲೆ ಹಿಂದಿನಿಂದ ಮುಂದಿನವರೆಗೆ ಬೆಳಕು ಕಾಣಬೇಕು. ಈ ಸಂದಿನ ಅಗಲ ಮೂರು ನಾಲ್ಕು ಬೆರಳು ಇರಲಿ. ಮುಂದುಗಡೆ ಹೆಗಲ ಏರಿಗೂ ತಡಿಗೂ ನಡುವೆ ಎರಡು ಮೂರು ಬೆರಳು ಎತ್ತರ ಇರಬೇಕು. ಹೇರು ಹೇರಿದ ಮೇಲೆ, ಮನುಷ್ಯ ಕುಳಿತ ಮೇಲೆ ಮತ್ತೆ ಬೆರಳು ಹಾಕಿ ನೋಡಿರಿ. ಭಾರ ಬಿದ್ದಾಗ ತಡಿ ಕೆಳಗೆ ಇಳಿಯುತ್ತದೆ.

ಮೂರು. ಉದ್ದ. ಕೊನೆಯ ಪಕ್ಕೆಲುಬನ್ನು ಬೆರಳಿನಿಂದ ಹುಡುಕಿರಿ. ಅದರ ಗುಂಟ ಮೇಲಕ್ಕೆ ಬನ್ನಿರಿ. ತಡಿ ಆ ಗೆರೆ ದಾಟಬಾರದು. ಅದರ ಹಿಂದೆ ಸೊಂಟ. ಅಲ್ಲಿ ಕೆಳಗೆ ಪಕ್ಕೆಲುಬಿನ ಆಸರೆ ಇಲ್ಲ.

ನಾಲ್ಕು. ಸಮ ಒತ್ತು. ಅಂಗೈಯನ್ನು ತಡಿಯ ಕೆಳಗೆ ಮುಂದಿನಿಂದ ಹಿಂದಕ್ಕೆ ತೂರಿಸಿರಿ. ಎಲ್ಲ ಕಡೆ ಒಂದೇ ಬಿಗಿ ಸಿಗಬೇಕು. ಮುಂದೆ ಬಿಗಿ, ಹಿಂದೆ ಬಿಗಿ, ನಡುವೆ ಖಾಲಿ ಇದ್ದರೆ ಭಾರವೆಲ್ಲ ನಾಲ್ಕು ಮೂಲೆಗೆ ಬೀಳುತ್ತದೆ. ನಾಲ್ಕು ಹುಣ್ಣು ಬರುತ್ತವೆ. ನಡುವೆ ಮಾತ್ರ ಕೂತು ತೊಟ್ಟಿಲಿನಂತೆ ತೂಗಿದರೂ ಆ ತಡಿ ಬೇಡ.

ಐದು. ಹೊಟ್ಟೆಪಟ್ಟಿ. ಅಗಲ ಪಟ್ಟಿ ಇರಲಿ. ಸಣ್ಣ ಹಗ್ಗ ತೊಗಲನ್ನು ಕೊಯ್ಯುತ್ತದೆ. ಪಟ್ಟಿ ಮುಂಗಾಲಿನ ಮೊಣಕೈಯಿಂದ ನಾಲ್ಕು ಬೆರಳು ಹಿಂದೆ ಇರಲಿ. ಒಮ್ಮೆಲೇ ಬಿಗಿಯಬೇಡಿರಿ. ಸ್ವಲ್ಪ ಬಿಗಿದು ಹತ್ತು ಹೆಜ್ಜೆ ನಡೆಸಿ ಮತ್ತೆ ಬಿಗಿಯಿರಿ. ಪಟ್ಟಿಯ ಕೆಳಗೆ ಎರಡು ಬೆರಳು ಚಪ್ಪಟೆಯಾಗಿ ತೂರಬೇಕು. ಮುಂಗಾಲನ್ನು ಎತ್ತಿ ಮುಂದಕ್ಕೆ ಮೆಲ್ಲಗೆ ಎಳೆಯಿರಿ. ಪಟ್ಟಿಯಲ್ಲಿ ಸಿಕ್ಕ ತೊಗಲಿನ ಮಡಿಕೆ ಬಿಚ್ಚಿಕೊಳ್ಳುತ್ತದೆ.

ಆರು. ಬೆವರಿನ ಗುರುತು. ಕೆಲಸ ಮುಗಿದ ಮೇಲೆ ತಡಿ ಇಳಿಸಿ ಬೆನ್ನು ನೋಡಿರಿ. ಎರಡೂ ಕಡೆ ಒಂದೇ ಸಮ ಒದ್ದೆ ಇದ್ದರೆ ಚಲೋ. ನಡುವಿನ ಎಲುಬಿನ ಮೇಲೆ ಒಣಗಿದ್ದರೂ ಚಲೋ, ಅಲ್ಲಿ ತಡಿ ತಾಗಿಲ್ಲ. ಆದರೆ ಒದ್ದೆಯ ನಡುವೆ ರೂಪಾಯಿ ಅಗಲ ಒಣ ಜಾಗ ಕಂಡರೆ ಎಚ್ಚರ! ಅಲ್ಲಿ ಬಹಳ ಒತ್ತು ಬಿದ್ದಿರಬಹುದು. ನಾಳೆಯ ಹುಣ್ಣು ಬರುವುದು ಅಲ್ಲೇ.

ಹುಣ್ಣು ಇಲ್ಲದಿದ್ದರೂ ಪ್ರತಿ ಸಂಜೆ ಬೆನ್ನೆಲುಬಿನ ಎರಡೂ ಕಡೆ ಬೆರಳಿನಿಂದ ಒತ್ತುತ್ತ ಹೋಗಿರಿ. ತಟ್ಟು ಬೆನ್ನು ಕುಗ್ಗಿಸಿದರೆ, ಕಿವಿ ಹಿಂದಕ್ಕೆ ಮಾಡಿದರೆ, ಕಚ್ಚಲು ಬಂದರೆ ಅಲ್ಲಿ ನೋವಿದೆ. ತಡಿ ತರುವುದನ್ನು ಕಂಡೇ ಹಿಂದೆ ಸರಿದರೂ ಅದೇ ಅರ್ಥ. "ಹಟಮಾರಿ ಕುದುರಿ" ಎಂದು ಹೊಡೆಯುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ತಪ್ಪು ತಡಿಯದು, ಪೆಟ್ಟು ತಟ್ಟಿಗೆ.

ಒಬ್ಬರ ಕೆರ ಇನ್ನೊಬ್ಬರ ಕಾಲಿಗೆ ಆಗುವುದಿಲ್ಲ. ಒಂದು ತಟ್ಟಿನ ತಡಿ ಇನ್ನೊಂದಕ್ಕೆ ಆಗಲಿಕ್ಕಿಲ್ಲ. ಅದೇ ತಟ್ಟಿಗೂ ವರ್ಷವಿಡೀ ಆಗಲಿಕ್ಕಿಲ್ಲ. ಮಳೆಗಾಲದ ಮೇವು ತಿಂದು ಮೈ ತುಂಬುತ್ತದೆ. ಬೇಸಿಗೆಯಲ್ಲಿ ಸೊರಗಿ ಎಲುಬು ಮೇಲೇಳುತ್ತದೆ. ಆದ್ದರಿಂದ ಊರು ಬಿಡುವ ಮೊದಲು ಒಮ್ಮೆ, ಬೇಸಿಗೆ ಶುರುವಾದಾಗ ಒಮ್ಮೆ ಈ ಆರೂ ಪರೀಕ್ಷೆ ಮಾಡಿರಿ.

ಮನೆಯಲ್ಲೇ ತಡಿ ಹೊಲಿಯಿರಿ

ಕೆಲವರು ಕಂಬಳಿಯನ್ನೋ ಗೋಣಿಚೀಲವನ್ನೋ ಮಡಚಿ ಬೆನ್ನಿನ ಮೇಲೆ ಅಡ್ಡ ಹಾಕುತ್ತಾರೆ. ಅದರ ಮೇಲೆ ಹೇರು ಕಟ್ಟುತ್ತಾರೆ. ಮೆತ್ತಗೆ ಕಾಣುತ್ತದೆ. ಆದರೆ ಭಾರ ನಡುವಿನ ಎಲುಬಿನ ಮೇಲೆಯೇ ಬೀಳುತ್ತದೆ. ಹತ್ತು ಕಂಬಳಿ ಹಾಕಿದರೂ ಸಂದು ಆಗುವುದಿಲ್ಲ.

ಇದಕ್ಕೆ ಉಪಾಯ ನಿಮ್ಮ ಕೈಯಲ್ಲೇ ಇದೆ. ಗಟ್ಟಿ ಬಟ್ಟೆಯಿಂದ ಎರಡು ಉದ್ದ ದಿಂಬು ಹೊಲಿಯಿರಿ. ಒಳಗೆ ಉಣ್ಣೆ ತುಂಬಿರಿ. ನಮ್ಮ ಕುರಿಯ ಒರಟು ಉಣ್ಣೆಗೆ ಪೇಟೆಯಲ್ಲಿ ಬೆಲೆ ಕಡಿಮೆ. ತಡಿಗೆ ಅದು ಬಹಳ ಚಲೋ. ಕೈಯಿಂದ ಒತ್ತಿದರೆ ಪೂರಾ ಕುಗ್ಗಬಾರದು, ಅಷ್ಟು ಗಟ್ಟಿ ತುಂಬಿರಿ. ಗಂಟು ಆಗದಂತೆ ಉಣ್ಣೆಯನ್ನು ಬಿಡಿಸಿ ತುಂಬಿರಿ. ನಡುವೆ ನಾಲ್ಕು ಬೆರಳು ಸಂದು ಬಿಟ್ಟು ಎರಡೂ ದಿಂಬುಗಳನ್ನು ಪಟ್ಟಿಯಿಂದ ಜೋಡಿಸಿರಿ. ಬೆನ್ನೆಲುಬಿನ ಒಂದೊಂದು ಕಡೆ ಒಂದೊಂದು ದಿಂಬು ಕೂರುತ್ತದೆ. ಭಾರ ಅವುಗಳ ಮೇಲೆ ನಿಲ್ಲುತ್ತದೆ. ಎಲುಬಿಗೆ ಗಾಳಿ ಆಡುತ್ತದೆ.

ದಿಂಬಿನ ಕೆಳಗೆ ಒಂದು ಕಂಬಳಿ ಸಾಕು. ಅದರಲ್ಲಿ ಮಡಿಕೆ ಇರಬಾರದು. ಜಾಲಿಮುಳ್ಳು, ಹುಲ್ಲುಕಡ್ಡಿ ಸಿಕ್ಕಿವೆಯೇ ಎಂದು ದಿನವೂ ಕೈಯಾಡಿಸಿ ನೋಡಿರಿ. ಬೆವರಿನ ಉಪ್ಪು ಒಣಗಿದರೆ ಕಂಬಳಿ ಕಟ್ಟಿಗೆಯಂತೆ ಆಗುತ್ತದೆ. ತೊಳೆದು ಬಿಸಿಲಿಗೆ ಹಾಕಿರಿ.

ಹೇರು ಎರಡೂ ಕಡೆ ಸಮ ಇರಲಿ. ಒಂದು ಕಡೆ ಜೋಳದ ಚೀಲ, ಇನ್ನೊಂದು ಕಡೆ ಹಾಸಿಗೆ ಕಟ್ಟಿದರೆ ತಡಿ ಓರೆಯಾಗುತ್ತದೆ. ಸಂದು ಮುಚ್ಚಿ ಎಲುಬಿಗೆ ತಾಗುತ್ತದೆ. ಎರಡೂ ಕಡೆಯ ಚೀಲವನ್ನು ತಕ್ಕಡಿಗೆ ಹಾಕಿ ತೂಗಿರಿ. ಭಾರದ ಸಾಮಾನು ಕೆಳಗೆ, ಹಗುರ ಸಾಮಾನು ಮೇಲೆ.

ಕೂರುವವರಿಗೂ ಸರಿ ಇರಬೇಕು

ತಡಿ ಕುದುರೆಗೆ ಸರಿಯಾದರೆ ಅರ್ಧ ಕೆಲಸ ಆಯಿತು. ಕೂರುವವರಿಗೂ ಸರಿಯಾಗಬೇಕು. ಕೂರುವವರು ಓರೆಯಾದರೆ ಭಾರವೂ ಓರೆಯಾಗುತ್ತದೆ.

ಕುಳಿತಾಗ ಹಿಂದೆ ನಾಲ್ಕು ಬೆರಳು ಜಾಗ ಉಳಿಯಬೇಕು. ಸಣ್ಣ ತಡಿಯಲ್ಲಿ ದೊಡ್ಡವರು ಕೂತರೆ ಭಾರ ಹಿಂದಿನ ಅಂಚಿಗೆ ಬೀಳುತ್ತದೆ, ಸೊಂಟಕ್ಕೆ ನೋವಾಗುತ್ತದೆ. ದೊಡ್ಡ ತಡಿಯಲ್ಲಿ ಸಣ್ಣ ಹುಡುಗ ಕೂತರೆ ಅತ್ತಿತ್ತ ಜಾರುತ್ತಾನೆ. ಆಸನದ ತಗ್ಗು ನಡುವೆ ಇರಬೇಕು. ಹಿಂದೆ ತಗ್ಗಾದರೆ ಮನುಷ್ಯನ ಸೊಂಟವೂ ನೋಯುತ್ತದೆ.

ಕಾಲಿಡುವ ರಿಕಾಪಿನ ಉದ್ದ ನೋಡುವುದು ಸುಲಭ. ರಿಕಾಪಿನ ಪಟ್ಟಿ ತಡಿಗೆ ಕೂಡುವಲ್ಲಿ ಬೆರಳ ತುದಿ ಇಡಿರಿ. ಪಟ್ಟಿಯನ್ನು ತೋಳಿನ ಗುಂಟ ಎಳೆಯಿರಿ. ರಿಕಾಪು ಕಂಕುಳ ಮುಟ್ಟಿದರೆ ಸುಮಾರಾಗಿ ಸರಿ. ಎರಡೂ ಕಡೆ ಒಂದೇ ಉದ್ದ ಇರಲಿ. ರಿಕಾಪು ಪಾದಕ್ಕಿಂತ ಎರಡೂ ಕಡೆ ಒಂದು ಬೆರಳಷ್ಟು ಅಗಲ ಇರಲಿ. ಇಕ್ಕಟ್ಟಾದರೆ ಬಿದ್ದಾಗ ಕಾಲು ಸಿಕ್ಕಿಕೊಳ್ಳುತ್ತದೆ. ಕುದುರೆ ಎಳೆದುಕೊಂಡು ಓಡಿದರೆ ಜೀವಕ್ಕೇ ಕುತ್ತು.

ಹತ್ತುವಾಗ ಕಟ್ಟೆಯೋ ಕಲ್ಲೋ ನೋಡಿ ಹತ್ತಿರಿ. ನೆಲದಿಂದ ಒಂದೇ ರಿಕಾಪಿಗೆ ಜೋತು ಹತ್ತಿದರೆ ತಡಿ ಒಂದು ಕಡೆ ಎಳೆಯುತ್ತದೆ. ಹೇರಿನ ಮೇಲೆ ಕೂಸನ್ನು ಕೂರಿಸಿದರೆ ಹಗ್ಗದಿಂದ ಕಟ್ಟಬೇಡಿರಿ. ದೊಡ್ಡವರೊಬ್ಬರು ಪಕ್ಕದಲ್ಲೇ ಕೈ ಹಿಡಿದು ನಡೆಯಲಿ.

ಎಷ್ಟು ಭಾರ? ಲೆಕ್ಕ ಮಾಡೋಣ

ಈಗ ನಿಮಗೆ ಲೆಕ್ಕ ಬರುತ್ತದೆ. ದರ್ಜಿಯ ಟೇಪು ತನ್ನಿರಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಎದೆಯ ಮುಂದಿನ ಹೆಗಲ ಮೂಲೆಯಿಂದ ಹಿಂದಿನ ತಿಕದ ಎಲುಬಿನವರೆಗೆ ಉದ್ದ ತೆಗೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿರಿ. ಅದು ತಟ್ಟಿನ ತೂಕ, ಅಂದಾಜು.

ಸುತ್ತಳತೆ 140 ಸೆಂಟಿಮೀಟರ್, ಉದ್ದ 125 ಸೆಂಟಿಮೀಟರ್ ಇದೆ ಎನ್ನಿ. 140 × 140 × 125 = 24,50,000. ಇದನ್ನು 11,880ರಿಂದ ಭಾಗಿಸಿದರೆ ಸುಮಾರು 206 ಕಿಲೋ.

ಸವಾರಿಯ ಕುದುರೆ ತನ್ನ ತೂಕದ ಐದರಲ್ಲಿ ಒಂದು ಪಾಲು ಹೊರಬಹುದು ಎಂಬುದು ತಿಳಿದವರು ಹೇಳುವ ಲೆಕ್ಕ. 206 ಕಿಲೋ ತಟ್ಟಿಗೆ ಅದು ಸುಮಾರು 41 ಕಿಲೋ. ತಡಿಯ ತೂಕವೂ ಇದರಲ್ಲೇ ಸೇರಿತು. ಹಾಗಾದರೆ ಸಣ್ಣ ತಟ್ಟಿನ ಮೇಲೆ ದೊಡ್ಡ ಮನುಷ್ಯ ಕೂರಬಹುದೇ? ನೀವೇ ಹೇಳಿರಿ.

ಕಾನೂನೂ ಇದೆ. ಹೇರು ಹೊರುವ ಪ್ರಾಣಿಗಳ ಬಗ್ಗೆ 1965ರಲ್ಲಿ ಭಾರತ ಸರ್ಕಾರ ನಿಯಮ ಮಾಡಿತು. ತಟ್ಟಿನ ಮೇಲೆ 70 ಕಿಲೋಗಿಂತ ಹೆಚ್ಚು ಹೇರಬಾರದು. ದಿನಕ್ಕೆ ಒಟ್ಟು 9 ತಾಸಿಗಿಂತ ಹೆಚ್ಚು, ವಿಶ್ರಾಂತಿ ಇಲ್ಲದೆ 5 ತಾಸಿಗಿಂತ ಹೆಚ್ಚು ದುಡಿಸಬಾರದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೇರು ಹೊರಿಸಬಾರದು. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ. 70 ಕಿಲೋ ಎಂಬುದು ದಾಟಬಾರದ ಗೆರೆ. ಸಣ್ಣ ತಟ್ಟಿಗೆ, ಸೊರಗಿದ ತಟ್ಟಿಗೆ ಅದಕ್ಕಿಂತ ಕಡಿಮೆಯೇ ಹೇರಬೇಕು.

ಹುಣ್ಣಾದರೆ ಏನು ಮಾಡಬೇಕು?

ಮೊದಲ ಔಷಧಿ ವಿಶ್ರಾಂತಿ. ಹುಣ್ಣಿನ ಮೇಲೆ ತಡಿ ಹಾಕಬೇಡಿರಿ. ಹುಣ್ಣಿರುವಲ್ಲಿ ಮೆತ್ತೆಗೆ ತೂತು ಮಾಡಿ ಹಾಕಿದರೂ ತೂತಿನ ಅಂಚು ಸುತ್ತಲೂ ಒತ್ತುತ್ತದೆ. ಕುದಿಸಿ ಆರಿಸಿದ ನೀರಿಗೆ ಸ್ವಲ್ಪ ಉಪ್ಪು ಹಾಕಿ ತೊಳೆಯಿರಿ. ನೊಣ ಕೂರದಂತೆ ನೋಡಿರಿ. ಸುಟ್ಟ ಆಯಿಲ್, ಬ್ಯಾಟರಿ ನೀರು, ಖಾರ ಹಚ್ಚಬೇಡಿರಿ. ಬರೆ ಹಾಕಬೇಡಿರಿ. ಅದರಿಂದ ಬದುಕಿದ ತೊಗಲೂ ಸಾಯುತ್ತದೆ.

ಕುದುರೆಗೆ ಧನುರ್ವಾಯು ಬೇಗ ತಗಲುತ್ತದೆ. ಗಾಯದಿಂದಲೇ ಆ ರೋಗ ಒಳಗೆ ಹೋಗುತ್ತದೆ, ಪ್ರಾಣ ತೆಗೆಯುತ್ತದೆ. ಅದಕ್ಕೆ ಲಸಿಕೆ ಇದೆ. ದನದ ದವಾಖಾನೆಗೆ ಹೋಗಿ ಕೇಳಿರಿ. ದಾರಿಯಲ್ಲಿ ಇದ್ದರೆ 1962 ನಂಬರಿಗೆ ಫೋನು ಮಾಡಿರಿ. ಅದು ಪಶುವೈದ್ಯರ ಗಾಡಿಯ ನಂಬರು.

ಬರೆದಿಡಿರಿ

ಕಡೆಯ ಮಾತು. ನೀವು ಈಗ ಬರೆಯಬಲ್ಲಿರಿ. ಒಂದು ವಹಿಯಲ್ಲಿ ತಟ್ಟಿಗೆ ಒಂದು ಪುಟ ಇಡಿರಿ. ತಾರೀಖು, ತೂಕ, ಹೇರಿದ ಕಿಲೋ, ಬೆನ್ನಿನ ಸ್ಥಿತಿ, ಲಸಿಕೆ ಹಾಕಿಸಿದ ದಿನ ಬರೆಯಿರಿ. "ಎಡಗಡೆ ಬಾವು, ಎರಡು ದಿನ ಹೇರು ಇಲ್ಲ" ಎಂದು ಒಂದು ಸಾಲು ಬರೆದರೆ ಮೂರನೆಯ ದಿನ ಯಾರೂ ಮರೆತು ಹೇರುವುದಿಲ್ಲ. ಡಾಕ್ಟರರು ಕೇಳಿದರೆ ತೋರಿಸಬಹುದು.

ತಟ್ಟಿಗೆ ಬಾಯಿಂದ ಹೇಳಲು ಬರುವುದಿಲ್ಲ. ಬೆವರು, ಬಾವು, ಬಿಳಿ ಕೂದಲು ಇವೇ ಅದರ ಅಕ್ಷರಗಳು. ಪುಸ್ತಕ ಓದಲು ಕಲಿತ ನಿಮಗೆ ಇವನ್ನು ಓದುವುದು ಕಷ್ಟವಲ್ಲ. ದಿನಾ ಸಂಜೆ ತಡಿ ಇಳಿಸಿದಾಗ ಒಮ್ಮೆ ಓದಿರಿ.

ಓದಿದ ಮೇಲೆ ಮಾತಾಡಿರಿ

1. ಭಾರ ಕುದುರೆಯ ಬೆನ್ನಿನ ಯಾವ ಭಾಗದ ಮೇಲೆ ಬೀಳಬೇಕು? ಯಾವ ಭಾಗದ ಮೇಲೆ ಬೀಳಬಾರದು?
2. ಬೆವರಿನ ನಡುವೆ ಒಣ ಜಾಗ ಕಂಡರೆ ಏನು ತಿಳಿಯಬೇಕು?
3. ಸುತ್ತಳತೆ 130, ಉದ್ದ 120 ಸೆಂಟಿಮೀಟರ್ ಇರುವ ತಟ್ಟಿನ ತೂಕ ಎಷ್ಟು? ಲೆಕ್ಕ ಮಾಡಿರಿ.
4. ನಿಮ್ಮ ಎತ್ತಿನ ಹೆಗಲಿಗೆ ನೊಗ ಸರಿಯಾಗಿ ಕೂರುತ್ತದೆಯೇ? ನಾಳೆ ನೋಡಿ ಬಂದು ಹೇಳಿರಿ.